ಓಣಂಗೆ ಉಡುವುದೆಂತ? ಸೆಟ್‌ಮುಂಡು, ಕಸವು ಸೀರೆ, ಹೊಲಿದ ಸೀರೆ, ಕಾಸರಗೋಡು ಸೀರೆ – ಉಟ್ಟು ನೋಡಿದ ಲೆಕ್ಕ

ಆಗಸ್ಟು-ಸಪ್ಟೆಂಬರಿನ ಸೋಣ ತಿಂಗಳು ಬಂತೆಂದರೆ ಕಾಸರಗೋಡಿನ ಕನ್ನಡದ ಹುಡುಗಿಯರ ಕಪಾಟಿಗೆ ಬಿಡುವಿಲ್ಲ. ಅಷ್ಟಮಿ, ಚೌತಿ ಮನೆಯದ್ದು. ಓಣಂ ಕಾಲೇಜಿನದ್ದು, ಆಫೀಸಿನದ್ದು. ಅತ್ತಂನಿಂದ ತಿರುವೋಣಂವರೆಗಿನ ಹತ್ತು ದಿನಗಳ ನಡುವೆ ಎಲ್ಲೋ ಒಂದು ಕಡೆ ವಾಟ್ಸಾಪ್ ಗುಂಪಿಗೆ ಆಜ್ಞೆ ಬಂದು ಬೀಳುತ್ತದೆ: ಎಲ್ಲರೂ ಕೇರಳ ಸೀರೆ. ಹುಡುಗರಿಗೆ ತಲೆಬಿಸಿ ಇಲ್ಲ. 2015ರಲ್ಲಿ 'ಪ್ರೇಮಂ' ಸಿನಿಮಾ ಬಂದು ಕರಿ ಶರ್ಟು, ಬಿಳಿ ಮುಂಡಿನ ಫ್ಯಾಷನ್ ಹಬ್ಬಿಸಿತು; ಆಮೇಲೆ ಓಣಂಗೆ ಏನು ಹಾಕುವುದೆಂದು ಯೋಚಿಸುವ ಕೆಲಸವನ್ನೇ ಅವರು ಬಿಟ್ಟುಬಿಟ್ಟಿದ್ದಾರೆ. ಯೋಚನೆಯೆಲ್ಲ ನಮ್ಮ ಪಾಲಿಗೆ.

ರೀಲ್ಸಿನಲ್ಲಿ ಸೀರೆಗೆ ಇರುವ ಪರೀಕ್ಷೆ ಹದಿನೈದು ಸೆಕೆಂಡಿನದ್ದು. ಕ್ಯಾಮೆರಾದ ಕಡೆಗೆ ನಾಲ್ಕು ಹೆಜ್ಜೆ, ಒಂದು ತಿರುಗು, ಜಡೆಯ ಮಲ್ಲಿಗೆ, ಮುಗಿಯಿತು. ಬದಿಯಡ್ಕದಿಂದಲೋ ಕುಂಬಳೆಯಿಂದಲೋ ಬೆಳಿಗ್ಗೆ ಹೊರಡುವವಳ ಸೀರೆಗೆ ಪ್ರಶ್ನೆಪತ್ರಿಕೆಯೇ ಬೇರೆ. ಮೊಣಕಾಲೆತ್ತರದ ಬಸ್ಸಿನ ಮೆಟ್ಟಿಲು ಹತ್ತಬೇಕು, ಒಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲಬೇಕು, ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಕುಕ್ಕರಗಾಲಲ್ಲಿ ಕೂರಬೇಕು, ಹೆಂಗಸರು ಸುತ್ತು ನಿಂತು ಕುಣಿಯುವ ತಿರುವಾದಿರದಲ್ಲಿ ಬಗ್ಗಿ ಚಪ್ಪಾಳೆ ತಟ್ಟಬೇಕು, ಬಾಳೆಲೆಯ ಮುಂದೆ ಕೂತು ಸಾಂಬಾರು ಮೈಮೇಲೆ ಬೀಳದ ಹಾಗೆ ಉಣ್ಣಬೇಕು. ಕೊನೆಗೆ ಮಳೆಯಲ್ಲಿ ಕೆಂಪು ಮಣ್ಣಿನ ದಾರಿ ತುಳಿದು ಮನೆಗೆ ಬರಬೇಕು. ನಾಲ್ಕು ಬಗೆಯ ಉಡುಗೆಯನ್ನು ಇಲ್ಲಿ ಅಳೆದದ್ದು ಈ ಎರಡನೆಯ ಪ್ರಶ್ನೆಪತ್ರಿಕೆಯಿಂದ. ಫೋಟೋದಲ್ಲಿ ನಾಲ್ಕೂ ಚಂದವೇ; ಅದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ.

ಮೊದಲು ಜರಿಯ ವಿಷಯ

ಅಂಗಡಿಯಲ್ಲಿ ಕಸವು, ಅಂದರೆ ಚಿನ್ನದ ಬಣ್ಣದ ಜರಿ, ಎಂದು ಒಂದೇ ಹೆಸರಲ್ಲಿ ಕೊಡುವುದು ಮೂರು ಬೇರೆ ಬೇರೆ ವಸ್ತು. ಅಸಲಿ ಜರಿ ಎಂದರೆ ರೇಷ್ಮೆ ನೂಲಿಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಉಗುರಲ್ಲಿ ಗೀಚಿದರೆ ಒಳಗಿನ ಕೆಂಪು ನೂಲು ಕಾಣುತ್ತದೆ. ಅದರ ಕೆಳಗೆ ತಾಮ್ರದ ತಂತಿಯದ್ದು. ಅದಕ್ಕೂ ಕೆಳಗೆ ಪ್ಲಾಸ್ಟಿಕ್ ಹಾಳೆಗೆ ಬಣ್ಣ ಹೊಡೆದದ್ದು. ಕಾಲೇಜು ಹುಡುಗಿಯ ಬಜೆಟ್ಟಿಗೆ ಬರುವುದು ಕೊನೆಯ ಎರಡೇ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಯಾವುದೆಂದು ಗೊತ್ತಿರಬೇಕು, ಅಷ್ಟೇ. ಯಾಕೆಂದರೆ ಹಾಳಾಗುವ ರೀತಿ ಬೇರೆ ಬೇರೆ. ತಾಮ್ರದ ಜರಿ ಬೆವರಿಗೆ, ಬಾಡಿ ಸ್ಪ್ರೇಗೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಜರಿ ಕಪ್ಪಾಗುವುದಿಲ್ಲ, ಆದರೆ ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದರೆ ಮುದುಡುತ್ತದೆ. ಒಮ್ಮೆ ಮುದುಡಿದ ಅಂಚು ಮತ್ತೆ ನೆಟ್ಟಗಾಗುವುದಿಲ್ಲ. ಇಸ್ತ್ರಿಯನ್ನು ಯಾವಾಗಲೂ ಬಟ್ಟೆಯ ಒಳಮಗ್ಗುಲಿಗೆ, ಅಂಚಿನ ಮೇಲೆ ತೆಳ್ಳಗಿನ ಹತ್ತಿ ಬಟ್ಟೆ ಹಾಸಿ ಹಾಕುವುದು. ಸ್ಪ್ರೇ ಹೊಡೆಯುವುದಾದರೆ ಉಡುವ ಹತ್ತು ನಿಮಿಷ ಮೊದಲು, ಮೈಗೆ ಮಾತ್ರ.

ಕೈಮಗ್ಗವೋ ಯಂತ್ರಮಗ್ಗವೋ ಎಂದು ತಿಳಿಯುವುದಕ್ಕೆ ಎರಡೂ ಬದಿಯ ಕಿನಾರೆ ನೋಡಿ. ನೇಯುವಾಗ ಬಟ್ಟೆ ಅಗಲಕ್ಕೆ ಬಿಗಿದು ನಿಲ್ಲಲೆಂದು ಸಿಕ್ಕಿಸುವ ಮೊಳೆಗಳ ಸಣ್ಣ ತೂತುಗಳು ಕೈಮಗ್ಗದ ಬಟ್ಟೆಯಲ್ಲಿ ಸಾಲಾಗಿ ಕಾಣುತ್ತವೆ. ಬಾಲರಾಮಪುರಂ, ಚೇಂದಮಂಗಲಂ, ಕುತ್ತಾಂಪುಳ್ಳಿ – ಕೇರಳದ ಈ ಮೂರೂ ಊರಿನ ನೇಯ್ಗೆಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಉಂಟು. ಇವುಗಳಲ್ಲಿ ತೃಶೂರು ಜಿಲ್ಲೆಯ ಕುತ್ತಾಂಪುಳ್ಳಿಯ ನೇಕಾರರು ದೇವಾಂಗದವರು, ಕೊಚ್ಚಿ ಅರಸರ ಕಾಲದಲ್ಲಿ ಕನ್ನಡ ನಾಡಿನಿಂದ ಹೋಗಿ ನೆಲೆಸಿದವರು. 'ನೀವು ಕನ್ನಡದವರು, ನಿಮಗೆಂತಕ್ಕೆ ಕಸವು' ಎಂದು ಯಾರಾದರೂ ಕೇಳಿದರೆ ಜೇಬಲ್ಲಿ ಇಟ್ಟುಕೊಳ್ಳಲು ಒಳ್ಳೆಯ ಉತ್ತರ.

ಸೆಟ್‌ಮುಂಡು

ಎರಡು ತುಂಡು. ಕೆಳಗೆ ಮುಂಡು, ಮೇಲೆ ನೇರ್ಯದ್. ಒಂದೊಂದೂ ಸುಮಾರು ಎರಡೂಮುಕ್ಕಾಲು ಮೀಟರು. ಮೊದಲ ಸಲ ಉಡುವವರಿಗೆ ಸೀರೆಗಿಂತ ಇದು ಕಷ್ಟ ಎಂಬ ಹೆದರಿಕೆ ಇರುತ್ತದೆ. ನಿಜ ಹೇಳಬೇಕೆಂದರೆ ಸೀರೆಯಲ್ಲಿ ಒಂದು ಕಡೆ ತಪ್ಪಿದರೆ ಐದೂವರೆ ಮೀಟರನ್ನೂ ಬಿಚ್ಚಬೇಕು. ಇಲ್ಲಿ ತಪ್ಪಿದ ತುಂಡನ್ನು ಮಾತ್ರ ಬಿಚ್ಚಿದರಾಯಿತು.

ಉಡುವ ಕ್ರಮ ಹೀಗೆ. ಒಳಲಂಗ ಹತ್ತಿಯದ್ದೇ ಆಗಬೇಕು. ಸ್ಯಾಟಿನ್ ಲಂಗದ ಮೇಲೆ ಮುಂಡು ಜಾರುತ್ತದೆ. ಬಣ್ಣ ಅಚ್ಚಬಿಳಿ ಬೇಡ. ಕೆನೆಬಣ್ಣದ ಬಟ್ಟೆಯ ಒಳಗಿನಿಂದ ಅಚ್ಚಬಿಳಿ ಲಂಗ ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ್ದು ಸರಿ. ಲಂಗದ ಲಾಡಿಯನ್ನು ಹೊಕ್ಕುಳ ಮಟ್ಟದಲ್ಲಿ ಬಿಗಿಯಾಗಿ ಕಟ್ಟಿ. ಮುಂಡಿನ ಒಂದು ತುದಿಯನ್ನು ಬಲ ಸೊಂಟದಲ್ಲಿ ಸಿಕ್ಕಿಸಿ, ಎದುರಿನಿಂದ ಎಡಕ್ಕೆ, ಬೆನ್ನ ಹಿಂದಿನಿಂದ ಒಂದು ಸುತ್ತು ತನ್ನಿ. ಉಳಿದದ್ದರಲ್ಲಿ ಐದಿಂಚು ಅಗಲದ ನಾಲ್ಕು ನೆರಿಗೆ ಹಿಡಿದು, ಕಸವಿನ ಅಡ್ಡತುದಿ ಮೇಲಿನ ನೆರಿಗೆಯಲ್ಲಿ ನೆಟ್ಟಗೆ ಇಳಿಯುವ ಹಾಗೆ ಸಿಕ್ಕಿಸಿ. ನೆರಿಗೆಗಳನ್ನೆಲ್ಲ ಒಳಗಿನಿಂದ ಲಂಗಕ್ಕೆ ಸೇರಿಸಿ ಒಂದು ಪಿನ್ನು.

ನೇರ್ಯದ್‌ನ ಒಂದು ತುದಿ ಎಡ ಸೊಂಟದಲ್ಲಿ ಎದುರಿಗೆ ಸಿಕ್ಕಬೇಕು. ಅಲ್ಲಿಂದ ಬೆನ್ನ ಹಿಂದೆ ಹೋಗಿ, ಬಲ ಕಂಕುಳ ಕೆಳಗಿನಿಂದ ಎದುರಿಗೆ ಬಂದು, ಎಡ ಭುಜಕ್ಕೆ. ಭುಜದ ಪಿನ್ನು ಹಾಕುವಾಗ ಎಡಗೈಯನ್ನು ಮುಂದಕ್ಕೆ ಚಾಚಿ ಹಿಡಿಯಬೇಕು. ಕೈ ಕೆಳಗಿಟ್ಟು ಪಿನ್ನು ಹಾಕಿದರೆ ಬಸ್ಸಿನಲ್ಲಿ ಕಂಬಿ ಹಿಡಿದ ಕೂಡಲೇ ಎಡ ಸೊಂಟದ ಸಿಕ್ಕು ಬಿಚ್ಚಿ ಬರುತ್ತದೆ. ಸೆಟ್‌ಮುಂಡು 'ನಿಲ್ಲುವುದಿಲ್ಲ' ಎಂಬ ದೂರಿಗೆ ಹೆಚ್ಚಿನ ಪಾಲು ಕಾರಣ ಇದೇ. ಇನ್ನೊಂದು ದುರ್ಬಲ ಜಾಗ ಬೆನ್ನಿನ ಬಲಬದಿ, ನೇರ್ಯದ್ ಮತ್ತು ಮುಂಡು ಸೇರುವಲ್ಲಿ. ಬಗ್ಗಿದಾಗ ಅಲ್ಲಿ ಎರಡೂ ಬೇರೆಯಾಗಿ ಲಂಗದ ಲಾಡಿ ಇಣುಕುತ್ತದೆ. ಒಂದು ಸಣ್ಣ ಪಿನ್ನು ಅಲ್ಲಿಗೆ ಮೀಸಲಿಡಿ. ನಮಗೆ ನಾವೇ ಹಾಕಿಕೊಳ್ಳಲಾಗದ ಪಿನ್ನು ಇದೊಂದೇ. ಗೆಳತಿ ಬೇಕು, ಇಲ್ಲವೇ ಅಮ್ಮ.

ಪಿನ್ನಿನ ಸುರುಳಿಗೆ ನೂಲು ಸಿಕ್ಕಿ ಬಟ್ಟೆ ಹರಿಯುವುದು ಸಾಮಾನ್ಯ. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿ, ಅದನ್ನು ಸುರುಳಿಯ ಹತ್ತಿರ ತಳ್ಳಿ, ಆಮೇಲೆ ಬಟ್ಟೆಗೆ ಚುಚ್ಚಿದರೆ ಆ ಕಷ್ಟವಿಲ್ಲ. ಕಸವಿನ ಮೇಲೆ ಮಾತ್ರ ಚುಚ್ಚಬೇಡಿ. ಅಂಚಿನ ಪಕ್ಕದ ಹತ್ತಿ ಭಾಗಕ್ಕೆ ಚುಚ್ಚಿ.

ದೋಷವಿಲ್ಲದ್ದಲ್ಲ. ಸೊಂಟದಲ್ಲಿ ಎರಡು ಬಟ್ಟೆಯ ದಪ್ಪ ಸೇರುತ್ತದೆ. ರವಕೆಯ ತುಂಡು ಹೆಚ್ಚಿನ ಸೆಟ್ಟುಗಳ ಜೊತೆ ಬರುವುದಿಲ್ಲ, ಬೇರೆ ಬಟ್ಟೆ ತರಬೇಕು. ಹಾಗೆಂದು ಇದೇ ಲಾಭವೂ ಹೌದು. ಅಚ್ಚ ಹಸಿರು, ಕುಂಕುಮ ಕೆಂಪು, ಈಗಿನ ಫ್ಯಾಷನ್ನಿನ ಅಚ್ಚೊತ್ತಿದ ಅಜ್ರಕ್ – ಯಾವ ರವಕೆ ಹಾಕಿದರೂ ಅದು ಹೊಸ ಸೆಟ್ಟೇ. ಜರಿ ಬೇಡ ಎನ್ನುವವರಿಗೆ ಬಣ್ಣದ ಅಂಚಿನ ಸೆಟ್ಟು ಸಿಗುತ್ತದೆ. ಅಗ್ಗ, ಕಪ್ಪಾಗುವ ಚಿಂತೆಯಿಲ್ಲ, ಇಸ್ತ್ರಿಗೆ ಹೆದರಬೇಕಾಗಿಲ್ಲ.

ಕಸವು ಸೀರೆ

ಉಡುವುದು ಮಾಮೂಲು ಸೀರೆಯ ಹಾಗೆಯೇ, ಆದ್ದರಿಂದ ಅದನ್ನು ಬಿಡೋಣ. ಎಡವುವುದು ಆಯ್ಕೆಯಲ್ಲಿ. ಹತ್ತಿಯ ಕಸವು ಸೀರೆ ಒಂದು, ಟಿಶ್ಯೂ ಇನ್ನೊಂದು. ಟಿಶ್ಯೂವಿನಲ್ಲಿ ಹೊಕ್ಕಿನ ನೂಲಿನಲ್ಲೇ ಜರಿ ಸೇರಿರುತ್ತದೆ, ಹಾಗಾಗಿ ಸೀರೆಯಿಡೀ ಹೊಳೆಯುತ್ತದೆ. ಫೋಟೋಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕತ್ತಿನ ಹತ್ತಿರ ಚುಚ್ಚುತ್ತದೆ, ಮೈಗೆ ಅಂಟಿ ನಿಲ್ಲುವುದಿಲ್ಲ, ಕೂತು ಎದ್ದರೆ ಬಿದ್ದ ಗೆರೆ ಸಂಜೆಯವರೆಗೂ ಹೋಗುವುದಿಲ್ಲ. ಮಡಿಕೆಯಲ್ಲಿ ಇಟ್ಟಲ್ಲೇ ವರ್ಷಗಟ್ಟಲೆ ಇಟ್ಟರೆ ಆ ಗೆರೆಯಲ್ಲೇ ಜರಿ ಮುರಿಯುತ್ತದೆ. ಟಿಶ್ಯೂ ಬೇಕೇ ಬೇಕೆಂದಿದ್ದರೆ ಬಸ್ಸಿಲ್ಲದ ದಿನಕ್ಕೆ ಇಟ್ಟುಕೊಳ್ಳಿ. ನಿಶ್ಚಿತಾರ್ಥ, ಎ.ಸಿ. ಹಾಲು, ಕಾರು, ಹೀಗೆ.

ಹತ್ತಿಯ ಕಸವು ಸೀರೆ ಹಾಗಲ್ಲ, ದಿನವಿಡೀ ಹಗುರ. ಇದರ ತಾಪತ್ರಯ ಫಾಲ್ಸು. ಅಂಗಡಿಯಿಂದ ತಂದ ಫಾಲ್ಸನ್ನು ಹಾಗೆಯೇ ಹೊಲಿಸಿದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ಸೀರೆಯ ಅಂಚು ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತದೆ. ದರ್ಜಿಯನ್ನು ಬೈದು ಪ್ರಯೋಜನವಿಲ್ಲ. ಫಾಲ್ಸನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಹಾಕಿ ಕೊಡಬೇಕು. ಸೀರೆಯನ್ನೂ ಒಮ್ಮೆ ತಣ್ಣೀರಲ್ಲಿ ಅದ್ದಿ ಒಣಗಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಅಂಚು ನಾಲ್ಕಿಂಚಿಗಿಂತ ಅಗಲವಿದ್ದು ಗಟ್ಟಿಯಾಗಿದ್ದರೆ ಫಾಲ್ಸೇ ಬೇಡ, ಅದರ ಭಾರಕ್ಕೇ ಸೀರೆ ನೆಟ್ಟಗೆ ಇಳಿಯುತ್ತದೆ.

ಈಗ ಸೆರಗಿನ ಮೇಲೆ ಕೃಷ್ಣ, ನವಿಲುಗರಿ, ಕಥಕಳಿ ಮುಖ ಬರೆದದ್ದು ಎಲ್ಲೆಲ್ಲೂ ಉಂಟು. ಕೈಯಲ್ಲಿ ಬರೆದದ್ದಾದರೆ ಬಣ್ಣ ಹಿಡಿಯಲು ಮೂರು ದಿನ ಬಿಟ್ಟು, ಒಳಮಗ್ಗುಲಿನಿಂದ ಇಸ್ತ್ರಿ ಹಾಕಿದ ಮೇಲೆಯೇ ನೀರು ತಾಗಿಸಬಹುದು. ಆ ಭಾಗಕ್ಕೆ ಗಂಜಿ ಹಾಕಬೇಡಿ. ಹಾಕಿದರೆ ಮಡಿಸಿದಲ್ಲಿ ಕೃಷ್ಣನ ಮೂಗು ಬಿರುಕು ಬಿಡುತ್ತದೆ, ಅದನ್ನು ನೋಡುವುದು ಯಾರಿಗೂ ಹಿತವಲ್ಲ.

ಇನ್ನು ಸೀರೆ ಶೇಪರ್. ಲಂಗದ ಬದಲು ಮೀನಿನ ಬಾಲದ ಆಕಾರದ ಈ ಉಡುಪನ್ನು ಹಾಕಿದರೆ ತೆಳ್ಳಗೆ ಕಾಣುವುದು ಹೌದು. ಆದರೆ ಅದರಲ್ಲಿ ಹೆಜ್ಜೆ ಇಷ್ಟೇ ಎಂದು ಗೊತ್ತುಪಡಿಸಿಬಿಟ್ಟಿದ್ದಾರೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲು ಆಗುವುದಿಲ್ಲ. ಸೊಂಟದಲ್ಲಿ ಇಲಾಸ್ಟಿಕ್ ಮಾತ್ರ ಇದ್ದರೆ ಸೀರೆಯ ಭಾರಕ್ಕೆ ನಿಧಾನವಾಗಿ ಕೆಳಗಿಳಿಯುತ್ತದೆ. ಬೇಕೇ ಬೇಕೆಂದಾದರೆ ಬದಿಯಲ್ಲಿ ಸೀಳು, ಸೊಂಟದಲ್ಲಿ ಲಾಡಿ, ಎರಡೂ ಇರುವುದನ್ನು ಹುಡುಕಿ.

ಹೊಲಿದ ಸೀರೆ, ಇಸ್ತ್ರಿಯ ಸೀರೆ

'ಒಂದು ನಿಮಿಷದ ಸೀರೆ' ಎಂದು ರೀಲ್ಸಿನಲ್ಲಿ ಬರುವುದು ಎರಡು ಜಾತಿ. ಒಂದರಲ್ಲಿ ನೆರಿಗೆಯನ್ನೇ ಹೊಲಿದು, ಬದಿಗೆ ಜಿಪ್ಪು, ಸೊಂಟಕ್ಕೆ ಹುಕ್ಕು ಕೊಟ್ಟಿರುತ್ತಾರೆ. ಇನ್ನೊಂದರಲ್ಲಿ ಸೀರೆ ಹಾಗೆಯೇ ಇರುತ್ತದೆ, ನೆರಿಗೆ ಹಿಡಿದು ಇಸ್ತ್ರಿ ಹಾಕಿ ಚೌಕಾಕಾರ ಮಡಚಿ ಕೊಡುತ್ತಾರೆ.

ಹೊಲಿದದ್ದು ವೇದಿಕೆಯ ಕುಣಿತಕ್ಕೆ ಒಳ್ಳೆಯದು, ಅಲ್ಲಿಗೆ ಅದರ ಗುಣಗಾನ ಮುಗಿಯಿತು. ಉದ್ದ ಒಂದೇ ಎತ್ತರದ ಚಪ್ಪಲಿಗೆ ನಿಗದಿ. ಹೀಲ್ಸ್ ಬಿಟ್ಟು ಹವಾಯಿ ಹಾಕಿದರೆ ಅಂಚು ನೆಲ ಗುಡಿಸುತ್ತದೆ. ಸೊಂಟದ ಅಳತೆ ಬೆಳಿಗ್ಗೆಯದ್ದು, ಓಣಂ ಊಟದ ನಂತರದ್ದಲ್ಲ. ಎರಡು ಬಗೆ ಪಾಯಸ ಆದಮೇಲೆ ಹುಕ್ಕು ತನ್ನ ಅಭಿಪ್ರಾಯ ಹೇಳಲು ಶುರುಮಾಡುತ್ತದೆ. ಹೊಲಿಸುವುದಾದರೆ ಸೊಂಟದಲ್ಲಿ ಒಂದಿಂಚಿನ ಅಂತರಕ್ಕೆ ಎರಡು ಸಾಲು ಹುಕ್ಕು ಇಡಲು ಹೇಳಿ. ಎಲ್ಲಕ್ಕಿಂತ ಮುಖ್ಯ, ಕೈಮಗ್ಗದ ಸೀರೆಯನ್ನು ಇದಕ್ಕೆ ಬಲಿಕೊಡಬೇಡಿ. ಹೊಲಿಗೆ ಬಿಚ್ಚಿದರೂ ಜರಿಯಲ್ಲಿ ಸೂಜಿಯ ತೂತು ಉಳಿಯುತ್ತದೆ. ಅಕ್ಕನದ್ದು ತಂಗಿಗೆ, ಅತ್ತಿಗೆಯದ್ದು ನಾದಿನಿಗೆ ಎಂದು ಸೀರೆ ಊರೆಲ್ಲ ಸುತ್ತುವ ನಮ್ಮಲ್ಲಿ ಒಬ್ಬಳ ಸೊಂಟಕ್ಕೆ ಹೊಲಿದ ಸೀರೆ ಅರ್ಧ ಸತ್ತ ಸೀರೆ.

ಇಸ್ತ್ರಿ ಹಾಕಿಟ್ಟುಕೊಳ್ಳುವ ಉಪಾಯ ಮಾತ್ರ ಕಲಿಯಲೇಬೇಕಾದ್ದು, ದುಡ್ಡು ಕೊಟ್ಟು ಮಾಡಿಸಬೇಕಾಗಿಲ್ಲ. ಹಿಂದಿನ ರಾತ್ರಿ, ಮರುದಿನ ಹಾಕುವ ಚಪ್ಪಲಿಯನ್ನೇ ಹಾಕಿ, ಸೀರೆಯನ್ನು ಒಮ್ಮೆ ಪೂರ್ತಿ ಉಟ್ಟು ನೋಡಿ. ಸೆರಗು ಮೊಣಕಾಲಿನ ಹಿಂಭಾಗದವರೆಗೆ ಇಳಿಯಲಿ. ಭುಜದ ಮೇಲಿನ ಜಾಗಕ್ಕೆ ಒಂದು ಬಟ್ಟೆ ಕ್ಲಿಪ್ಪು, ಸೊಂಟದ ನೆರಿಗೆ ಶುರುವಾಗುವಲ್ಲಿ ಇನ್ನೊಂದು, ಮುಗಿಯುವಲ್ಲಿ ಮತ್ತೊಂದು. ಬಿಚ್ಚಿ ಮೇಜಿನ ಮೇಲೆ ಹಾಸಿ, ಸೆರಗನ್ನು ನಾಲ್ಕಿಂಚಿನ ನೆರಿಗೆ ಮಾಡಿ ಭುಜದ ಗುರುತಿನವರೆಗೆ ಇಸ್ತ್ರಿ ಹಾಕಿ. ಸೊಂಟದ ನೆರಿಗೆ ಐದಿಂಚಿನದ್ದು. ಗಂಜಿ ಹಾಕಿದ ಹತ್ತಿಗೆ ಐದು ನೆರಿಗೆ ಸಾಕು, ಮೆತ್ತನೆಯದ್ದಕ್ಕೆ ಏಳು. ಮೇಲಿನಿಂದ ಒಂದು ಗೇಣಿನಷ್ಟು ಮಾತ್ರ ಗಟ್ಟಿಯಾಗಿ ಒತ್ತಿ, ಕೆಳಗೆ ಹಗುರವಾಗಿ. ಬರಿಗಾಲಲ್ಲಿ ಅಳತೆ ತೆಗೆದು ಹೀಲ್ಸ್ ಹಾಕಿದರೆ ಕಣಕಾಲು ಕಾಣುತ್ತದೆ. ಗಂಜಿ ಹಾಕಿದ ಹತ್ತಿಯಲ್ಲಿ ತಪ್ಪು ಜಾಗಕ್ಕೆ ಬಿದ್ದ ಗೆರೆ ನೀರು ಚಿಮುಕಿಸದೆ ಹೋಗುವುದಿಲ್ಲ. ಅದಕ್ಕೇ ಮೊದಲು ಉಟ್ಟು ನೋಡುವುದು.

ಕಾಸರಗೋಡು ಸೀರೆ

ನಮ್ಮ ಊರಿನ ಹೆಸರಿನಲ್ಲೇ ಜಿಐ ಮಾನ್ಯತೆ ಇರುವ ಸೀರೆ ಉಂಟು, ಅದನ್ನು ಉಡುವವರು ಅಮ್ಮಂದಿರು ಮತ್ತು ಟೀಚರುಗಳು ಮಾತ್ರ ಎಂದಾಗಿಬಿಟ್ಟಿದೆ. ಶುದ್ಧ ಹತ್ತಿ, ಕೈಮಗ್ಗ, ಗೆರೆ ಮತ್ತು ಚೌಕುಳಿ, ಗಾಢ ಬಣ್ಣ. ನೂಲಿಗೆ ಹಾಕುವುದು ವ್ಯಾಟ್ ಬಣ್ಣ. ಬಿಸಿಲಿಗೂ ಸಾಬೂನಿಗೂ ಸುಲಭಕ್ಕೆ ಬಿಡುವಂಥದ್ದಲ್ಲ. ಹೊಸತರಲ್ಲಿ ಬಿಗುವು ಹೆಚ್ಚು, ಸೊಂಟದಲ್ಲಿ ಉಬ್ಬುತ್ತದೆ. ಆಗ ಗಂಜಿ ಹಾಕದೆ ಎರಡು ಮೂರು ಸಲ ಒಗೆದು ಉಟ್ಟರೆ ನೂಲು ಮೈಗೆ ಒಗ್ಗುತ್ತದೆ. ಆಮೇಲೆ ಅದರಷ್ಟು ಸುಖದ ಸೀರೆ ಈ ನಾಲ್ಕರಲ್ಲಿ ಇನ್ನೊಂದಿಲ್ಲ.

ಓಣಂ ದಿನಕ್ಕೆ ಇದರ ಒಂದೇ ಸೋಲು, ಗುಂಪಿನ ಫೋಟೋದಲ್ಲಿ ಎಲ್ಲರೂ ಕೆನೆಬಣ್ಣ, ನೀವೊಬ್ಬಳು ಕಡು ಕೆಂಪು. ಅದನ್ನು ಸೋಲು ಎನ್ನಬೇಕೋ ಗೆಲುವು ಎನ್ನಬೇಕೋ ನಿಮಗೆ ಬಿಟ್ಟದ್ದು. ಅಧ್ಯಾಪಕಿಯರಿಗೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ನಮ್ಮ ಸಲಹೆ ನಿಸ್ಸಂಶಯವಾಗಿ ಇದೇ. ವರ್ಷಕ್ಕೊಮ್ಮೆ ಹೊರಬರುವ ಕಸವಿಗಿಂತ ತಿಂಗಳಿಗೆರಡು ಸಲ ಉಡುವ ಈ ಸೀರೆಯ ದುಡ್ಡು ಬೇಗ ಹುಟ್ಟುತ್ತದೆ.

ಒಟ್ಟಿಗೆ ನಿಲ್ಲಿಸಿ ನೋಡಿದರೆ

ಬಸ್ಸಿನಲ್ಲಿ ಸೆಟ್‌ಮುಂಡು ಗೆಲ್ಲುತ್ತದೆ. ಮುಂಡಿನ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದರೂ ಮೇಲಿನ ತುಂಡು ಅಲುಗುವುದಿಲ್ಲ. ಸೀರೆಯಲ್ಲಿ ನೆರಿಗೆ ಎತ್ತಿದರೆ ಸೆರಗಿನ ಬುಡವೂ ಸಡಿಲಾಗುತ್ತದೆ. ಹೊಲಿದ ಸೀರೆ ಇಲ್ಲಿ ಎರಡನೆಯದು, ಶೇಪರ್ ಹಾಕಿದವಳು ಕೊನೆ.

ಪೂಕ್ಕಳದಲ್ಲಿ ಯಾವುದೂ ಗೆಲ್ಲುವುದಿಲ್ಲ. ಕುಕ್ಕರಗಾಲಲ್ಲಿ ಕೂತರೆ ಗಂಜಿ ಹಾಕಿದ ಬಟ್ಟೆ ಮೊಣಕಾಲಲ್ಲಿ ಉಬ್ಬಿ ಹಾಗೆಯೇ ನಿಲ್ಲುತ್ತದೆ. ಪೀಠವೋ ಸಣ್ಣ ಮಣೆಯೋ ಇಟ್ಟು ಕೂರುವುದೇ ಮದ್ದು. ಹೂವಿನ ಕಡೆಗೂ ಗಮನ ಇರಲಿ. ಗುಂಡ್ಲುಪೇಟೆ ಕಡೆಯಿಂದ ಲೋಡುಗಟ್ಟಲೆ ಬರುವ ಗೊಂಡೆ ಹೂವು ಒದ್ದೆಯಾಗಿದ್ದರೆ ಬೆರಳಿಗೆ ಹಳದಿ ಹತ್ತುತ್ತದೆ, ಬೆರಳಿನಿಂದ ಮುಂಡಿಗೆ. ಎಸಳು ಬಿಡಿಸುವ ಕೆಲಸವನ್ನು ಕರಿ ಶರ್ಟಿನವರಿಗೆ ಹಚ್ಚಿ; ಆ ಬಣ್ಣಕ್ಕೆ ಅಷ್ಟಾದರೂ ಉಪಯೋಗ ಬೇಕಲ್ಲ.

ತಿರುವಾದಿರಕ್ಕೆ ಹುಟ್ಟಿದ್ದೇ ಸೆಟ್‌ಮುಂಡು. ಆದರೆ ಮುಂಡಿನ ಸುತ್ತು ಬಿಗಿಯಾಗಿದ್ದರೆ ಕಾಲು ಅಗಲಿಸಿ ಬಗ್ಗಲು ಬರುವುದಿಲ್ಲ. ಸುತ್ತುವಾಗ ಎರಡು ಪಾದಗಳ ನಡುವೆ ಒಂದಡಿ ಜಾಗ ಬಿಟ್ಟು ನಿಲ್ಲಿ, ಆಗ ಬೇಕಾದ ಸಡಿಲ ತಾನಾಗಿ ಒಳಗೆ ಸೇರುತ್ತದೆ. ಮುಂಡಿನ ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ನೇರ್ಯದ್‌ನ ಸೆರಗನ್ನು ಹಿಂದಿನಿಂದ ತಂದು ಬಲ ಸೊಂಟಕ್ಕೆ ಸಿಕ್ಕಿಸಿಬಿಟ್ಟರೆ ಕೈ ತಟ್ಟುವಾಗ ಅಡ್ಡ ಬರುವುದಿಲ್ಲ. ಹೊಲಿದ ಸೀರೆಯೂ ಇಲ್ಲಿ ಸರಿಸಮ. ಟಿಶ್ಯೂ ಉಟ್ಟು ಕುಣಿಯುವ ಸಾಹಸ ಬೇಡ.

ಊಟದ ಪಂಕ್ತಿಯಲ್ಲಿ ಕಾಸರಗೋಡು ಸೀರೆಗೆ ಎದುರಿಲ್ಲ, ಕಡುಬಣ್ಣದ ಮೇಲೆ ಸಾಂಬಾರು ಯಾರಿಗೂ ಕಾಣುವುದಿಲ್ಲ. ಕಸವಿನವರು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮಡಿಲಿಗೆ ದೊಡ್ಡ ಕರವಸ್ತ್ರ ಹಾಸಿಕೊಳ್ಳಿ. ಎಲೆ ಹಂಚಲು ಹೋಗಬೇಡಿ. ಬಾಳೆಯ ಸೊನೆಯ ಕರೆ ಹತ್ತಿದಾಗ ಬಣ್ಣವೇ ಇರುವುದಿಲ್ಲ, ಒಣಗಿದ ಮೇಲೆ ಕಂದಾಗುತ್ತದೆ. ಆಮೇಲೆ ಅದು ಬಟ್ಟೆಯ ಆಯುಸ್ಸಿನವರೆಗೆ ಜೊತೆಗಿರುತ್ತದೆ.

ಕೆಂಪು ಮಣ್ಣು. ಎಲ್ಲ ತೀರ್ಮಾನವಾಗುವುದು ಇಲ್ಲಿ. ಕೇರಳ ಸೀರೆಯ ರೀಲ್ಸ್ ಮಾಡುವವರು ಟೈಲ್ಸ್ ಹಾಕಿದ ಅಂಗಳದಲ್ಲಿ ನಡೆಯುತ್ತಾರೆ. ನಮಗೆ ಮುರಕಲ್ಲಿನ ಗುಡ್ಡೆ, ಆಗಸ್ಟು-ಸಪ್ಟೆಂಬರಿನ ಮಳೆ, ಚಪ್ಪಲಿಯ ಹಿಮ್ಮಡಿ ಹಾರಿಸುವ ರಾಡಿ. ಅದು ಬೀಳುವುದು ಸರಿಯಾಗಿ ಕಸವಿನ ಅಂಚಿಗೇ. ಸೀರೆಯಾದರೆ ಅಂಚಿನ ಕಲೆಗೋಸ್ಕರ ಐದೂವರೆ ಮೀಟರು ಒಗೆಯಬೇಕು. ಸೆಟ್‌ಮುಂಡಾದರೆ ಮುಂಡನ್ನಷ್ಟೇ ಒಗೆದು, ನೇರ್ಯದ್ ಮಡಚಿಟ್ಟರೆ ಸಾಕು. ಮುಂಡು ಹಾಳಾದರೆ ಅದೇ ಅಂಚಿನ ಬೇರೆ ಮುಂಡು ತಂದು ಜೋಡಿ ಮಾಡಬಹುದು. ಕಾಸರಗೋಡಿನಲ್ಲಿ ಓಣಂಗೆ ಸೆಟ್‌ಮುಂಡೇ ಸರಿ ಎನ್ನಲು ನಮಗೆ ಈ ಒಂದು ಕಾರಣವೇ ಸಾಕಾಗುತ್ತದೆ. ಹಿಂಪಟ್ಟಿ ಇರುವ ಚಪ್ಪಲಿ ಹಾಕಿ; ಹವಾಯಿ ಚಪ್ಪಲಿಯಷ್ಟು ಕೆಸರು ಇನ್ಯಾವುದೂ ಹಾರಿಸುವುದಿಲ್ಲ.

ಗಂಜಿ ಮತ್ತು ಕಲೆ

ಗಂಜಿಗೆ ಮನೆಯ ಕುಚ್ಚಲಕ್ಕಿಯ ತೆಳಿ ಬಳಸಬೇಡಿ. ಅದರ ಕೆಂಬಣ್ಣ ಕೆನೆಬಟ್ಟೆಗೆ ಹಿಡಿದು ಹಳೆಯದರ ಹಾಗೆ ಕಾಣುತ್ತದೆ. ಬೆಳ್ತಿಗೆ ಅನ್ನದ ತೆಳಿ ಆಗಬಹುದು, ಸೋಸಿದ್ದಾದರೆ. ಎಲ್ಲಕ್ಕಿಂತ ಒಳ್ಳೆಯದು ಮರಗೆಣಸಿನ ಹುಡಿ ಅಥವಾ ಕೂವೆ ಹುಡಿ. ಎರಡು ದೊಡ್ಡ ಚಮಚ ಹುಡಿಯನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದು ಲೀಟರು ನೀರಿಗೆ ಸುರಿದು, ಪಾರದರ್ಶಕವಾಗುವವರೆಗೆ ಕೈಬಿಡದೆ ತಿರುವಿ. ಬಟ್ಟೆಯಲ್ಲಿ ಸೋಸಿ, ನಾಲ್ಕು ಲೀಟರು ತಣ್ಣೀರಿಗೆ ಬೆರೆಸಿ. ಮೊದಲೇ ನೀರಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಅದರಲ್ಲಿ ಅದ್ದಿ. ಒಣಬಟ್ಟೆ ಅದ್ದಿದರೆ ಒಂದೊಂದು ಕಡೆ ಒಂದೊಂದು ಹದಕ್ಕೆ ಹಿಡಿಯುತ್ತದೆ. ಗಂಜಿ ದಪ್ಪವಾದರೆ ಒಣಗಿದ ಮೇಲೆ ಬಿಳಿ ಹುಡಿ ಉದುರುತ್ತದೆ, ರವಕೆಯ ಭುಜಕ್ಕೆಲ್ಲ ಅದೇ. ನೇರ್ಯದ್‌ಗೆ ಮುಂಡಿಗಿಂತ ತೆಳುವಾಗಿ ಹಾಕಬೇಕು, ಆದ್ದರಿಂದ ಮೊದಲು ಮುಂಡು ಅದ್ದಿ, ಉಳಿದ ಗಂಜಿಗೆ ಇನ್ನೆರಡು ಲೀಟರು ನೀರು ಸೇರಿಸಿ ನೇರ್ಯದ್ ಅದ್ದಿ.

ಸೋಣ ತಿಂಗಳಲ್ಲಿ ಗಂಜಿಯ ದೊಡ್ಡ ಶತ್ರು ಮೋಡ. ಒಂದೇ ದಿನದಲ್ಲಿ ಒಣಗದಿದ್ದರೆ ಹುಳಿ ನಾತ ಬರುತ್ತದೆ, ಎರಡನೆಯ ದಿನಕ್ಕೆ ಕಪ್ಪು ಬೂಸಲಿನ ಚುಕ್ಕೆ. ಫ್ಯಾನಿನಡಿಯಲ್ಲಿ ಅಗಲವಾಗಿ ಹರಡಿ, ಮುಕ್ಕಾಲು ಒಣಗಿದಾಗಲೇ ಇಸ್ತ್ರಿ ಹಾಕಿ ಮುಗಿಸಿಬಿಡಿ. ಮಳೆ ಹಿಡಿದುಕೊಂಡಿದೆ ಎಂದಾದರೆ ಗಂಜಿಯ ಆಸೆ ಬಿಟ್ಟು, ಇಸ್ತ್ರಿ ಹಾಕುವಾಗ ಸಿಂಪಡಿಸುವ ಗಂಜಿ ಸ್ಪ್ರೇಯಲ್ಲೇ ಸುಧಾರಿಸಿಕೊಳ್ಳುವುದು ಜಾಣತನ.

ಕಲೆಗಳಲ್ಲಿ ಒಂದೊಂದಕ್ಕೆ ಒಂದೊಂದು ಉಪಚಾರ. ಸಾಂಬಾರು ಬಿದ್ದರೆ ಉಜ್ಜದೆ, ಒಣ ಬಟ್ಟೆ ಒತ್ತಿ ಎಣ್ಣೆ ಹೀರಿಸಿ. ಸಾಬೂನು ತಾಗಿದ ಕೂಡಲೇ ಅರಸಿನ ಕೆಂಪಾಗುತ್ತದೆ, ಹೆದರಬೇಡಿ. ತೊಳೆದು ಒದ್ದೆಯಾಗಿರುವಾಗಲೇ ಬಿಸಿಲಿಗೆ ಹಾಕಿದರೆ ಹಳದಿ ತಾನಾಗಿ ಮಾಸುತ್ತದೆ. ಬಿಸಿಲಿಲ್ಲದಿದ್ದರೆ ಕಾಯಿರಿ, ಬ್ಲೀಚು ಹಾಕಲು ಹೋಗಬೇಡಿ. ಬೀಟ್ರೂಟ್ ಪಚ್ಚಡಿಗೆ ತಣ್ಣೀರು, ಅದೂ ಕೂಡಲೇ. ಪಾಯಸದ ಬೆಲ್ಲ ನೀರಿಗೆ ಬಿಡುತ್ತದೆ, ಅದರ ತುಪ್ಪ ಬಿಡುವುದಿಲ್ಲ. ಆ ಜಾಗಕ್ಕೆ ಪೌಡರು ಉದುರಿಸಿ ರಾತ್ರಿಯಿಡೀ ಬಿಟ್ಟು ಕೊಡಹಬೇಕು.

ಕೆಂಪು ಮಣ್ಣನ್ನು ಹಸಿಯಲ್ಲಿ ಮುಟ್ಟಬೇಡಿ. ಪೂರ್ತಿ ಒಣಗಲಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ ಹುಡಿ ತೆಗೆದ ಮೇಲೆ ಒಗೆಯಿರಿ. ಉಳಿದ ಕೆಂಬಣ್ಣ ಕಬ್ಬಿಣದ ಅಂಶದ್ದು. ಅದಕ್ಕೆ ಬ್ಲೀಚು ಹಾಕಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಲಿಂಬೆರಸ ಮತ್ತು ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯುವುದು ಸರಿಯಾದ ದಾರಿ, ಹತ್ತಿಯ ಭಾಗಕ್ಕೆ ಮಾತ್ರ. ತಾಮ್ರದ ಜರಿಗೆ ಲಿಂಬೆ ತಾಗಬಾರದು.

ಹಬ್ಬ ಮುಗಿದ ಮೇಲೆ ಗಂಜಿಯನ್ನು ಪೂರ್ತಿ ಒಗೆದು ತೆಗೆದೇ ಕಪಾಟಿಗೆ ಇಡಿ. ಗಂಜಿ ಇದ್ದರೆ ಬೂಸಲು ಬರುತ್ತದೆ, ಬೆಳ್ಳಿಹುಳ ತಿನ್ನುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ನುಸಿಗುಳಿಗೆ ಜರಿಗೆ ನೇರವಾಗಿ ತಾಗದಿರಲಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಕೊಳ್ಳುವವರಿಗೆ

ಯಂತ್ರಮಗ್ಗದ ಕಸವು ಸೀರೆ ಸಾವಿರದ ಒಳಗೇ ಸಿಗುತ್ತದೆ. ಕೈಮಗ್ಗದ ಸೆಟ್‌ಮುಂಡಿಗೆ ಅದಕ್ಕಿಂತ ಮೇಲೆ ಕೊಡಬೇಕು, ಅಂಚು ಅಗಲವಾದಷ್ಟೂ ಬೆಲೆ ಏರುತ್ತದೆ. ಓಣಂ ಮೊದಲು ಸಹಕಾರಿ ಕೈಮಗ್ಗ ಮಳಿಗೆಗಳಲ್ಲಿ ರಿಬೇಟು ಕೊಡುವ ರೂಢಿ ಉಂಟು, ಕೇಳದೆ ಬಿಡಬೇಡಿ. ಮೊದಲ ಸಲ ಕೊಳ್ಳುವವಳು ಒಂದಿಂಚು ಅಂಚಿನ ಹತ್ತಿಯ ಸೆಟ್‌ಮುಂಡು ತೆಗೆದುಕೊಳ್ಳಲಿ. ಸಪೂರ ಅಂಚು ಹಗುರ, ಇಸ್ತ್ರಿ ಸುಲಭ, ಫ್ಯಾಷನ್ನು ಬದಲಾದರೂ ಹಳೆಯದಾಗುವುದಿಲ್ಲ. ವರ್ಷಕ್ಕೊಮ್ಮೆ ಉಡುವವಳು ಕೊಳ್ಳುವುದೇ ಬೇಡ, ನೆರೆಮನೆಯ ಚೇಚಿಯ ಕಪಾಟಿನಲ್ಲಿ ಖಂಡಿತ ಒಂದು ಹೆಚ್ಚಿಗೆ ಇರುತ್ತದೆ. ಶಾಲೆಯ ಹುಡುಗಿಯರಿಗೆ ಕಸವಿನ ಲಂಗ-ದಾವಣಿ ಸಾಕು. ಲಂಗದ ಬುಡದಲ್ಲಿ ಮೂರಿಂಚು ಒಳಮಡಿಕೆ ಬಿಟ್ಟು ಹೊಲಿಸಿದರೆ ಎರಡು ಓಣಂ ಹೆಚ್ಚಿಗೆ ಬರುತ್ತದೆ.

ಏನು ಕೊಂಡರೂ ರವಕೆಯ ಬಟ್ಟೆಯನ್ನು ದರ್ಜಿಗೆ ಕೊಡುವುದು ಅತ್ತಂಗಿಂತ ಎರಡು ವಾರ ಮೊದಲೇ. ಚೌತಿಯ ರವಕೆಗಳೂ ಅದೇ ಹೊತ್ತಿಗೆ ಅವರ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಸೆಟ್‌ಮುಂಡಿಗೆ ರವಕೆ ಮಾಮೂಲಿಗಿಂತ ಒಂದಿಂಚು ಉದ್ದ ಇರಲಿ, ಕೈಯೆತ್ತಿದಾಗ ಸೊಂಟದ ಸಿಕ್ಕುಗಳು ಕಾಣುವುದಿಲ್ಲ. ಕಂಕುಳಲ್ಲಿ ಒಳಪಟ್ಟಿ ಕೊಡಲು ಹೇಳಿ. ಕೊಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೆವರು ಪಕ್ಕದ ನೇರ್ಯದ್‌ಗೂ ಹಿಡಿಯುತ್ತದೆ.